ಬಿಂದಿಗೆಯ ನೀರು

ಬಿಳಿಚೋಡು ಎಂಬ ಊರಿನಲ್ಲಿ ನಸುಕಿಗೇ ನಲ್ಲಿಯ ಮುಂದೆ ಬಿಂದಿಗೆಗಳ ಸಾಲು. ಹಿತ್ತಾಳೆಯದು ಒಂದು, ಪ್ಲಾಸ್ಟಿಕ್ಕಿನವು ನಾಲ್ಕಾರು. ಒಂದರ ಕಂಠ ನೆಗ್ಗಿತ್ತು. ಅದರಲ್ಲೂ ನೀರು ತುಳುಕುತ್ತಿತ್ತು.

ಆಗ ಸ್ಟ್ಯಾನ್ಲಿ ಸಮರ್ಥ ನೆನಪಾದರು. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಕ್ರೈಸ್ತ ದೇವಶಾಸ್ತ್ರಜ್ಞ. 1971ರಲ್ಲಿ ಜಾಗತಿಕ ಚರ್ಚುಗಳ ಒಕ್ಕೂಟ ಅನ್ಯಧರ್ಮೀಯರೊಡನೆ ಸಂವಾದಕ್ಕೆಂದೇ ಒಂದು ವಿಭಾಗ ತೆರೆಯಿತು. ಅದರ ಮೊದಲ ನಿರ್ದೇಶಕರು ಇವರೇ. ಯೇಸುವಿನಲ್ಲಿ ದೇವರು ಕಾಣುತ್ತಾನೆ ಎಂಬುದು ಅವರ ಗಟ್ಟಿ ನಂಬಿಕೆ. ಆದರೆ ದೇವರು ಅಲ್ಲಿಗೇ ಮುಗಿದುಹೋದನೇ? ಇಲ್ಲ, ಅಂದರು. ಚರ್ಚನ್ನೂ ಬಿಡಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ. ನನ್ನ ಮನಸ್ಸು ಹಿಡಿದದ್ದು ಆ ಧೈರ್ಯ.

ನಲ್ಲಿಯ ಮುಂದಿನ ಸಾಲೂ ಅದನ್ನೇ ಹೇಳುತ್ತಿತ್ತು. ಬಿಂದಿಗೆಯಲ್ಲಿರುವುದು ನಿಜವಾದ ನೀರೇ. ಮನೆಮಂದಿಯ ದಾಹ ಅದರಿಂದಲೇ ಇಂಗುತ್ತದೆ. ನೀರಿನ ಮೂಲವಾದ ಕೆರೆ ಮಾತ್ರ ಬಿಂದಿಗೆಗಿಂತ ದೊಡ್ಡದು.

ಸಾಲಿನಲ್ಲಿ ಮುಂದಿದ್ದ ಅಜ್ಜಿ ತನ್ನ ಕೊಡ ಸರಿಸಿ, ಹಿಂದಿನ ಹುಡುಗಿಗೆ ಅಂದಳು: “ನೀನ್ ಹಿಡ್ಕಳವ್ವ, ಸ್ಕೂಲಿಗೆ ಹೊತ್ತಾಗ್ತತಿ.”