ಅಗ್ಗದ ಕಾಲದ ಬಡತನ

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಮ್ಮ ಊರುಗಳಲ್ಲಿ ಹಿರಿಯರ ಮಾತೊಂದು ಬಾಯಿಂದ ಬಾಯಿಗೆ ಬಂದಿರುವುದು: 1930ರ ಸುಮಾರಿಗೆ ಕಾಲವು ಬಹು ಅಗ್ಗವಾಗಿದ್ದಿತು; ಜೋಳ ಅಗ್ಗ, ಬೆಲ್ಲ ಅಗ್ಗ, ಅರಿವೆಯೂ ಅಗ್ಗ. ಈ ಮಾತು ಸುಳ್ಳಲ್ಲ. ಆದರೆ ಇದು ಯಾರ ಮನೆಯಿಂದ ಬಂದ ಮಾತೆಂಬುದನ್ನು ನಾವು ವಿಚಾರಿಸಬೇಕು. ತಿಂಗಳ ಕೊನೆಗೆ ಸಂಬಳವೆಣಿಸುವ ಪೇಟೆಯ ಗೃಹಸ್ಥನ ಮನೆಯಿಂದ ಬಂದುದಿದು. ಜೋಳವನ್ನು ಬೆಳೆದವನು ಹೀಗೆ ನೆನೆಯಲಾರನು.

1929ರ ಅಕ್ಟೋಬರದಲ್ಲಿ ನ್ಯೂಯಾರ್ಕಿನ ಶೇರು ಪೇಟೆಯು ಕುಸಿದುದಕ್ಕೂ ಧಾರವಾಡ ಜಿಲ್ಲೆಯ ಎರೆಹೊಲಕ್ಕೂ ಏನು ಸಂಬಂಧ? ಹತ್ತಿಯೇ ಸಂಬಂಧ. ಗದಗ ಹುಬ್ಬಳ್ಳಿಗಳ ಪೇಟೆಗೆ ಬಂದ ಕುಮಟಾ ಹತ್ತಿ, ಧಾರವಾಡ-ಅಮೇರಿಕನ್ ಹತ್ತಿಗಳು ಮುಂಬಯಿಗೆ ಹೋಗುತ್ತಿದ್ದವು. ದರ ಗೊತ್ತಾಗುತ್ತಿದ್ದುದು ಕಡಲಾಚೆಗೆ. ಕೆಲವೇ ವರ್ಷಗಳಲ್ಲಿ ಹಿಂದುಸ್ತಾನದಲ್ಲೆಲ್ಲ ಒಕ್ಕಲುತನದ ಹುಟ್ಟುವಳಿಯ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಇಳಿಯದೆ ಉಳಿದುವು ಎರಡು: ಕಂದಾಯ ಮತ್ತು ಸಾಲ. ರಯತವಾರಿ ಪದ್ಧತಿಯಲ್ಲಿ ಹೊಲದ ಆಕಾರವನ್ನು 30 ವರ್ಷಗಳಿಗೊಮ್ಮೆ ರೂಪಾಯಿಗಳಲ್ಲಿ ಕಟ್ಟುತ್ತಿದ್ದರು. ಎರಡು ಚೀಲ ಜೋಳ ಮಾರಿ ಕಂದಾಯ ತೀರಿಸುತ್ತಿದ್ದವನು ಈಗ ನಾಲ್ಕು ಚೀಲ ಮಾರಬೇಕಾಯಿತು. ಸಾಹುಕಾರನ ಕಾಗದದಲ್ಲಿ ನೂರು ನೂರಾಗಿಯೇ ಇದ್ದಿತು, ಹೊಲದಲ್ಲಿ ಮಾತ್ರ ಇನ್ನೂರಾಯಿತು. ಇದರ ಮೇಲೆ ಹುಂಡಾವಳಿಯ ಕಾಟ ಬೇರೆ. ರೂಪಾಯಿಗೆ 16 ಪೆನ್ಸು ಸಾಕೆಂದು ನಮ್ಮ ವ್ಯಾಪಾರಸ್ಥರು ಬೇಡಿದರೂ 1927ರ ಕಾಯದೆ 18 ಪೆನ್ಸನ್ನೇ ಗೊತ್ತುಮಾಡಿತು. ಪರದೇಶದಲ್ಲಿ 144 ಪೆನ್ಸಿಗೆ ಮಾರಿದ ಹತ್ತಿಗೆ ಬರಬಹುದಾಗಿದ್ದ 9 ರೂಪಾಯಿಗಳಲ್ಲಿ ಬಂದುದು 8. ಮಣಕ್ಕೆ 1 ರೂಪಾಯಿ 4 ಆಣೆ ಇದ್ದ ಉಪ್ಪಿನ ಕರವನ್ನಾದರೂ ಇಳಿಸಿದರೋ? 1931ರಲ್ಲಿ ಕಾಲುಭಾಗ ಏರಿಸಿದರು!

ಆ ವರುಷದ ಕೊನೆಗೆ ಮಧ್ಯವರ್ತಿ ಸರಕಾರವು ತನ್ನ ನೌಕರರ ಸಂಬಳದಲ್ಲಿಯೂ ಹತ್ತಕ್ಕೊಂದು ಪಾಲು ಕಡಿಯಿತು. ಗದ್ದಲವಾಯಿತು. ಆದರೆ ಕಾಳಿನ ಬೆಲೆಯೇ ಅರ್ಧವಾಗಿರುವಾಗ ಆ ನೌಕರನು ನಷ್ಟಪಟ್ಟನೆನ್ನಲು ನಮ್ಮ ನಾಲಿಗೆ ಏಳದು. ಶಿಕ್ಷಕರ ಸಭೆಯಲ್ಲಿ ಇದು ಅಪ್ರಿಯವಾದ ಮಾತಾದರೂ ಹೇಳಲೇಬೇಕು. ಪರೀಕ್ಷೆ ಪಾಸಾಗಿ ನೌಕರಿ ಸಿಗದೆ ಅಲೆದ ತರುಣರ ಪಾಡು ಬೇರೆ. ಅವರಿಗೆ ಅಗ್ಗದ ಜೋಳವೂ ತುಟ್ಟಿಯೇ.

ಇನ್ನು ಬಂಗಾರದ ಮಾತು. 1931ರ ಸೆಪ್ಟೆಂಬರ 21ಕ್ಕೆ ಇಂಗ್ಲಂಡವು ತನ್ನ ನಾಣ್ಯಕ್ಕೆ ಬಂಗಾರ ಕೊಡುವ ಕಟ್ಟನ್ನು ಮುರಿದು, ರೂಪಾಯಿಯನ್ನು ತನ್ನ ನಾಣ್ಯದ ಬಾಲಕ್ಕೆ ಗಂಟುಹಾಕಿತು. 1927ರ ಕಾಯದೆಯಲ್ಲಿ ತೊಲೆಗೆ 21 ರೂಪಾಯಿ 3 ಆಣೆ 10 ಪೈ ಎಂದಿದ್ದ ಬಂಗಾರವು ಮುಂದಿನ ವರ್ಷಗಳಲ್ಲಿ ಮೂವತ್ತನ್ನು ದಾಟಿತು. ಕಂದಾಯದ ಕಂತು ಬಂದಿದೆ, ಹತ್ತಿಗೆ ಬೆಲೆಯಿಲ್ಲ, ಮನೆಯಲ್ಲಿ ಬೆಲೆಯುಳ್ಳ ವಸ್ತು ಒಂದೇ. ಬೋರಮಾಳ, ಪಾಟಲಿ, ಬುಗುಡಿಗಳು ಪತ್ತಾರನ ಮೂಸೆಗೆ ಬಿದ್ದು, ಗಟ್ಟಿಯಾಗಿ ಮುಂಬಯಿಯ ಹಡಗನ್ನೇರಿದವು. ಒಳ್ಳೆಯ ದರ ಬಂದುದರಿಂದ ಜನರು ಲಾಭಕ್ಕಾಗಿ ಮಾರುತ್ತಿರುವರೆಂದು ಸರಕಾರದ ಪಕ್ಷದವರು ವಾದಿಸಿದರು. ಕೆಲವರು ಹಾಗೆ ಮಾರಿದುದೂ ನಿಜವೇ. ಆದರೆ ಒಕ್ಕಲುಗಿತ್ತಿಗೆ ಆ ಒಡವೆ ಬರೀ ಶೃಂಗಾರವಲ್ಲ. ಬರಗಾಲದ ಬುತ್ತಿ, ಮಗಳ ಮದುವೆ, ಗಂಡ ಸತ್ತರೆ ತನ್ನ ಬಾಳು. ಅವಳು ಕೊರಳು ಬರಿದು ಮಾಡಿಕೊಂಡು ಲಾಭವೆಣಿಸಿದಳೆಂಬುದನ್ನು ನಾವು ನಂಬೆವು.

ಸಾಲದಿಂದ ಬಿಡಿಸಲು ಕಾಯದೆಗಳಾಗಲಿಲ್ಲವೇ ಎಂದು ಕೇಳುವಿರಿ. ಆದವು, ಒಂದೊಂದು ಗಡಿಗೆ ಒಂದೊಂದು. ಮೈಸೂರಿನಲ್ಲಿ 1928ರಲ್ಲಿಯೇ ಒಂದು ಕಾಯದೆಯಿದ್ದಿತು. ಬಳ್ಳಾರಿಯ ರೈತನು ಮದ್ರಾಸದ 1938ರ ಕಾಯದೆಗೂ, ಧಾರವಾಡದವನು ಮುಂಬಯಿಯ 1939ರ ಕಾಯದೆಗೂ ಕಾಯಬೇಕಾಯಿತು. ಭಾಷೆ ಒಂದೇ, ಮಣ್ಣು ಒಂದೇ, ಸಾಲವೂ ಒಂದೇ. ಅಷ್ಟರಲ್ಲಿ ಮಾರಿದ ಬಂಗಾರ ಮರಳುವಂತಿರಲಿಲ್ಲ.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ಬೇಡಿಕೆ. ಆ ದಿನಗಳ ಅಡವಿನ ಪತ್ರಗಳು, ಕಂದಾಯದ ಪಾವತಿಗಳು, ಖಾತೆ-ಕಿರ್ದಿಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಇನ್ನೂ ಬಿದ್ದಿರುವುವು. ನಿಮ್ಮ ಊರಿನಲ್ಲಿ ಅವನ್ನು ಕೇಳಿ ತೆಗೆಯಿಸಿರಿ, ನಕಲು ಮಾಡಿರಿ. ಯಾವ ಒಡವೆ, ಎಷ್ಟು ತೂಕ, ಯಾವ ತಿಂಗಳು ಎಂಬುದೆಲ್ಲ ಅವುಗಳಲ್ಲಿ ಸಿಕ್ಕೀತು. ಕೆಲವು ಮೋಡಿ ಅಕ್ಷರದಲ್ಲಿರುವುವು. ಅದನ್ನು ಓದಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿರುವರು, ಗೆದ್ದಲುಗಳು ಮಾತ್ರ ಹೆಚ್ಚುತ್ತಿವೆ.