ನೆರಳಿನ ತೋಟದಲ್ಲಿ ಹೋಸ್ಟಾ



ತೋಟವೆಂದೊಡನೆ ಬಿಸಿಲನ್ನೂ ಹೂವನ್ನೂ ನೆನೆಯುವುದು ವಾಡಿಕೆ. ಬಿಸಿಲು ಕಾಣದ ಮೂಲೆಯನ್ನು ಎಲೆಯ ಬಣ್ಣದಿಂದಲೇ ಬೆಳಗುವ ಗಿಡವೊಂದುಂಟು. ಅದರ ಹೆಸರು ಹೋಸ್ಟಾ. ಚೀನಾ, ಕೊರಿಯಾ, ಜಪಾನು ದೇಶಗಳು ಅದರ ತವರು. ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞನಾದ ಹೋಸ್ಟ್ ಎಂಬಾತನ ಗೌರವಾರ್ಥವಾಗಿ 1812ರಲ್ಲಿ ಅದಕ್ಕೆ ಈ ಹೆಸರಾಯಿತು. ಪ್ರತಿವರ್ಷವೂ ಎಲೆಗಳನ್ನು ಕಳೆದುಕೊಂಡು, ಕೆಲವು ವಾರಗಳ ಕಡುಚಳಿಯಲ್ಲಿ ನೆಲದೊಳಗೆ ನಿದ್ರಿಸಿದ ಹೊರತು ಅದು ಏಳಿಗೆ ಹೊಂದದು. ಆದುದರಿಂದ ಮೈಸೂರಿನ ಹವೆ ಅದಕ್ಕೆ ಒಗ್ಗದು. ಇಂಗ್ಲೆಂಡು, ಅಮೆರಿಕಾಗಳ ತೋಟಗಳಲ್ಲಿ ಅದಕ್ಕೆ ಬಹಳ ಮನ್ನಣೆ.

1936ರಲ್ಲಿ ಅಮೆರಿಕಾದ ಕನೆಕ್ಟಿಕಟ್ ಪ್ರಾಂತದ ಸಸ್ಯಾಗಾರವೊಂದರಲ್ಲಿ ಫ್ರಾನ್ಸಿಸ್ ವಿಲಿಯಮ್ಸ್ ಎಂಬ ಮಹಿಳೆಯು ಹೊಂಬಣ್ಣದ ಅಂಚುಳ್ಳ ಹೋಸ್ಟಾ ಒಂದನ್ನು ಗುರುತಿಸಿದರು. ಇಂದು ಅವರ ಹೆಸರನ್ನೇ ಹೊತ್ತಿರುವ ಆ ಗಿಡವು ನಾಲ್ಕಡಿಯಷ್ಟು ಅಗಲಕ್ಕೆ ಹರಡಬಲ್ಲದು. ಸೀರೆಗೆ ಜರಿಯಂಚಿನಂತೆ ಎಲೆಗೆ ಆ ಅಂಚು. ಆದರೆ ಈ ಸೊಬಗಿಗೆ ಕಾರಣ ಒಂದು ಕೊರತೆ. ಅಂಚಿನಲ್ಲಿ ಪತ್ರಹರಿತ್ತು ಕಡಮೆ. ಆಹಾರವನ್ನು ಸಿದ್ಧಪಡಿಸುವ ಶಕ್ತಿಯೂ ಅಲ್ಲಿ ಕಡಮೆ. ಆದಕಾರಣ ಗಿಡವು ನಿಧಾನವಾಗಿ ಬೆಳೆಯುತ್ತದೆ. ಪೂರ್ಣ ಗಾತ್ರಕ್ಕೆ ಐದಾರು ವರ್ಷಗಳು ಬೇಕು. ಮುಂಜಾನೆಯ ಎಳೆಬಿಸಿಲು, ಮಧ್ಯಾಹ್ನದ ನೆರಳು, ಕೊಳೆತ ಎಲೆಗೊಬ್ಬರ, ಆರದ ತೇವ ಇವು ಅದಕ್ಕೆ ಹಿತ. ನಡುಹಗಲಿನ ಬಿಸಿಲಿಗೆ ಅಂಚು ಸುಟ್ಟುಹೋಗುತ್ತದೆ. ಒಮ್ಮೊಮ್ಮೆ ಬುಡದಿಂದ ಅಚ್ಚಹಸುರಿನ ಕಂದು ಮೂಡುವುದುಂಟು. ಅದು ಹೆಚ್ಚು ಬಲಶಾಲಿ. ಕಿತ್ತುಹಾಕದಿದ್ದರೆ ಕಾಲಕ್ರಮದಲ್ಲಿ ಬಣ್ಣದ ಗಿಡವನ್ನೇ ಮುಚ್ಚಿಬಿಡುತ್ತದೆ.

ಬಿತ್ತಿದ ಬೀಜದಿಂದ ಇಂಥ ಅಂಚು ಬಾರದು; ಬುಡವನ್ನು ಸೀಳಿಯೇ ಹೊಸ ಗಿಡಗಳನ್ನು ಮಾಡಬೇಕು. ಅಪಾಯವೂ ಆ ಚಾಕುವಿನಲ್ಲಿಯೇ ಇದೆ. 1996ರಲ್ಲಿ ವಿಜ್ಞಾನಿಗಳು ಗುರುತಿಸಿದ ಹೋಸ್ಟಾ ವೈರಸ್ ಎಕ್ಸ್ ಎಂಬ ರೋಗಾಣು, ಗಿಡದ ರಸದ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ವಿಷಾದದ ಸಂಗತಿಯೆಂದರೆ, ಆ ರೋಗದ ಮಚ್ಚೆಗಳನ್ನೇ ಹೊಸ ಚೆಲುವೆಂದು ಭ್ರಮಿಸಿ, ಹೆಸರಿಟ್ಟು ಮಾರಿದ್ದೂ ಉಂಟು! ಗಿಡದ ಸಹಜ ಬಣ್ಣವು ಅಂಚಿನಲ್ಲಿಯೋ ನಡುವಿನಲ್ಲಿಯೋ ಎಲೆಯಿಂದೆಲೆಗೆ ಒಂದು ಕ್ರಮವನ್ನು ಅನುಸರಿಸುತ್ತದೆ. ರೋಗದ ಬಣ್ಣವಾದರೋ ಒದ್ದೆ ಕಾಗದದ ಮೇಲಿನ ಶಾಯಿಯಂತೆ ನರಗಳ ಗುಂಟ ಹರಡುತ್ತದೆ, ಎಲೆಯೂ ಸುಕ್ಕಾಗುವುದುಂಟು. ಇದಕ್ಕೆ ಔಷಧವಿಲ್ಲ. ಎಷ್ಟೇ ಅಕ್ಕರೆಯ ಗಿಡವಾದರೂ ಬೇರುಸಹಿತ ಕಿತ್ತು ನಾಶಪಡಿಸಬೇಕು. ರೋಗದ ಗುರುತು ಹೊರಗೆ ತೋರಲು ವರ್ಷಗಳೇ ಹಿಡಿಯಬಹುದು. ಆದುದರಿಂದ ಆರೋಗ್ಯವಾಗಿ ಕಾಣುವ ಗಿಡವನ್ನು ಸೀಳಿದ ಮೇಲೂ ಚಾಕುವನ್ನು ಶುದ್ಧಿಮಾಡದೆ ಮುಂದಿನ ಗಿಡವನ್ನು ಮುಟ್ಟಲಾಗದು.

ಎಲೆಯ ಬಣ್ಣಕ್ಕೆ ಮರುಳಾಗುವ ಮುನ್ನ, ಅದು ಗಿಡದ ಸ್ವಭಾವವೋ ಸಂಕಟವೋ ಎಂಬುದನ್ನು ವಿಚಾರಿಸುವುದು ತೋಟಗಾರನ ಮೊದಲ ಧರ್ಮ.