ಸಾಲವನ್ನು ಚೀಲದ ಲೆಕ್ಕದಲ್ಲಿ ಬರೆಯಿರಿ

(ತಾಲ್ಲೂಕು ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ದುಡ್ಡಿನ ಬಗ್ಗೆ ನಾಲ್ಕು ಮಾತು ಹೇಳಿ ಅಂತ ನನ್ನನ್ನು ನಿಲ್ಲಿಸಿದ್ದಾರೆ. ಇಲ್ಲಿ ಕೂತಿರುವ ನಮ್ಮಲ್ಲಿ ಬಹಳ ಜನಕ್ಕೆ ಅದು ಜೇಬಿನಲ್ಲಿಲ್ಲ, ತಲೆಯ ಮೇಲಿದೆ. ತಲೆಯ ಮೇಲೆ ಹೊತ್ತಿರುವುದು ಏನು ಅಂತ ತಿಳಿಯದೆ ಇಳಿಸುವುದು ಹೇಗೆ?

ದುಡ್ಡು ಮೂರು ಕೆಲಸ ಮಾಡುತ್ತೆ. ಒಂದು, ಅದು ಕೊಡು-ಕೊಳ್ಳುವುದಕ್ಕೆ ಸಾಧನ. ರಾಗಿ ಹೊತ್ತುಕೊಂಡು ಹೋಗಿ ಎತ್ತು ಕೇಳುವ ಕಷ್ಟ ತಪ್ಪಿತು. ಎರಡು, ಅದು ಅಳತೆ. ಸೇರು, ಕೊಳಗ ಇದ್ದ ಹಾಗೆ. ಎತ್ತು, ಗೊಬ್ಬರ, ಕೂಲಿ, ವಕೀಲರ ಫೀಜು ಎಲ್ಲಕ್ಕೂ ಒಂದೇ ಕೊಳಗ. ಮೂರು, ಅದನ್ನು ಇಟ್ಟುಕೊಳ್ಳಬಹುದು. ಈ ಎರಡನೆಯದರಲ್ಲಿ ಮತ್ತು ಮೂರನೆಯದರಲ್ಲಿ ನಮ್ಮ ಗೋಳೆಲ್ಲ ಅಡಗಿದೆ.

ದುಡ್ಡು ಬಂದೇ ಹಳ್ಳಿ ಕೆಟ್ಟಿತು, ಹಿಂದೆ ಚೆನ್ನಾಗಿತ್ತು ಅನ್ನುವ ಹಿರಿಯರಿದ್ದಾರೆ. ಕಣದಲ್ಲಿ ಬಡಗಿಗೆ, ಕಮ್ಮಾರನಿಗೆ, ಅಗಸನಿಗೆ, ತೋಟಿಗೆ ಆಯ ಕೊಡುತ್ತಿದ್ದೆವು, ಯಾರೂ ಉಪವಾಸ ಇರಲಿಲ್ಲ ಅನ್ನುತ್ತಾರೆ. ಈ ಮಾತನ್ನು ಕಣದ ಅಂಚಿನಲ್ಲಿ ಬಟ್ಟೆ ಹಾಸಿ ನಿಂತಿದ್ದವನ ಮೊಮ್ಮಗನನ್ನು ಕೇಳಿ ನೋಡಿ, ಬೇರೆ ಉತ್ತರ ಬರುತ್ತೆ. ವರ್ಷವೆಲ್ಲ ದುಡಿದರೂ ಎಷ್ಟು ಮೊರ ಸುರಿಯಬೇಕು ಅನ್ನುವುದು ಜಮೀನಿದ್ದವನ ಮರ್ಜಿ. ಕೂಲಿ ದುಡ್ಡಾಗಿ ಕೈಗೆ ಬಂದ ಮೇಲೆ ಅವನು ತನಗೆ ಬೇಕಾದ ಅಂಗಡಿಗೆ ಹೋದ, ಮಗನನ್ನು ಸ್ಕೂಲಿಗೆ ಸೇರಿಸಿದ. ಇದನ್ನು ಜಮೀನಿರುವ ನಾವು ಒಪ್ಪಬೇಕು. ಆದ್ದರಿಂದ ದುಡ್ಡೇ ಬೇಡ ಅನ್ನುವುದು ನಮ್ಮ ವಾದವಲ್ಲ. ಆ ಕೊಳಗ ಯಾರ ಕೈಲಿದೆ ಅನ್ನುವುದು ನಮ್ಮ ಪ್ರಶ್ನೆ.

ಅಳತೆಯ ವಿಚಾರ ಮೊದಲು ನೋಡೋಣ. ಬೆಳೆಯ ಪಾಲನ್ನು ಧಾನ್ಯದಲ್ಲೇ ಕೊಡುತ್ತಿದ್ದ ಕಾಲದಲ್ಲಿ, ಫಸಲು ಕಮ್ಮಿಯಾದರೆ ಸರ್ಕಾರದ ಪಾಲೂ ಕಮ್ಮಿಯಾಗುತ್ತಿತ್ತು. 1800ರಿಂದ 1807ರವರೆಗೆ ಬಳ್ಳಾರಿ ಸೇರಿದ ಸೀಮೆಯಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ರೈತವಾರಿ ಪದ್ಧತಿಯನ್ನು ಬೆಳೆಸಿದ. ಮಧ್ಯೆ ಜಮೀನ್ದಾರ ಇಲ್ಲ, ರೈತನೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಅದು ಒಳ್ಳೆಯದೇ. ಆದರೆ ಕಟ್ಟಬೇಕಾದ್ದು ರೂಪಾಯಿಯಲ್ಲಿ. ಮಳೆ ಕೈಕೊಟ್ಟರೂ, ಪೇಟೆಯಲ್ಲಿ ಧಾರಣೆ ಬಿದ್ದರೂ ಕಾಗದದ ಮೇಲಿನ ರೂಪಾಯಿ ತಾನಾಗಿ ಇಳಿಯುವುದಿಲ್ಲ. ಕಂತಿನ ದಿನ ಬಂತು ಅಂದರೆ ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲ ಸಾಹುಕಾರನ ಬಾಗಿಲಿಗೆ ಹೋಗಬೇಕು.

ಇದರ ಪರಿಣಾಮ ಏನಾಯಿತು ನೋಡಿ. 1861ರಿಂದ 1865ರವರೆಗೆ ಅಮೆರಿಕಾದಲ್ಲಿ ಅಂತರ್ಯುದ್ಧ ನಡೆಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಗಿ, ನಮ್ಮ ಧಾರವಾಡದ ಕಡೆಯ ಹತ್ತಿಗೂ, ಮುಂಬಯಿ ಪ್ರಾಂತ್ಯದ ಹತ್ತಿಗೂ ಬಂಗಾರದ ಬೆಲೆ ಬಂತು. ಬೆಲೆ ಇದ್ದಾಗ ಸಾಲ ಸುಲಭವಾಗಿ ಸಿಕ್ಕಿತು. ಯುದ್ಧ ಮುಗಿಯಿತು, ಹತ್ತಿ ಬಿತ್ತು. ಸಾಲ ಬೀಳಲಿಲ್ಲ. ಕೊನೆಗೆ 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ದಂಗೆ ಎದ್ದರು. ಮೊದಲು ಎದ್ದದ್ದು ಸುಪಾ ಎಂಬ ಊರು. ಅವರು ಮುಖ್ಯವಾಗಿ ಹುಡುಕಿದ್ದು ಸಾಹುಕಾರನ ಪ್ರಾಣವನ್ನಲ್ಲ, ಅವನ ಪೆಟ್ಟಿಗೆಯಲ್ಲಿದ್ದ ಸಾಲದ ಪತ್ರಗಳನ್ನು. ಅವನ್ನು ತಂದು ಸುಟ್ಟರು. 1879ರಲ್ಲಿ ಸರ್ಕಾರ ದಖ್ಖನ್ ರೈತರ ಪರಿಹಾರ ಕಾಯಿದೆ ಮಾಡಬೇಕಾಯಿತು.

ಕಾಲ ಬದಲಾಗಿದೆ, ಲೆಕ್ಕ ಬದಲಾಗಿಲ್ಲ. ಕೈಸಾಲಕ್ಕೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅನ್ನುತ್ತಾರೆ. ಕೇಳುವುದಕ್ಕೆ ಸಣ್ಣದು. ಅದು ತಿಂಗಳಿಗೆ. ವರ್ಷಕ್ಕೆ 36 ಆಯಿತು. ಒಂದು ಲಕ್ಷ ತಂದವನು ವರ್ಷದ ಕೊನೆಗೆ 1,36,000 ಕೊಡಬೇಕು. 2025-26ನೇ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆ ಬೆಲೆ ಸಿಕ್ಕರೆ ಈ ಸಾಲ 50 ಕೆ.ಜಿ. ತೂಕದ ಸುಮಾರು 56 ಚೀಲ. ಖರೀದಿ ಕೇಂದ್ರ ತೆರೆಯುವವರೆಗೆ ತಡೆಯಲಾರದೆ 3,000ಕ್ಕೆ ಕೊಟ್ಟಿರಿ ಅನ್ನಿ, ಅದೇ ಸಾಲ ಸುಮಾರು 91 ಚೀಲ. ಪತ್ರದಲ್ಲಿ ಒಂದಕ್ಷರ ತಿದ್ದಿಲ್ಲ, ಯಾರೂ ಮೋಸ ಮಾಡಿಲ್ಲ, 35 ಚೀಲ ಹೋಯಿತು! ಎಲ್ಲಿಗೆ ಹೋಯಿತು ಸ್ವಾಮಿ?

ಅದು ದುಡ್ಡಿನ ಮೂರನೆಯ ಗುಣದ ಬಾಯಿಗೆ ಹೋಯಿತು. ದುಡ್ಡು ಕೊಳೆಯೋದಿಲ್ಲ. ಟೊಮೇಟೊ ನಾಲ್ಕು ದಿನಕ್ಕೆ ಕೊಳೆಯುತ್ತೆ, ಈರುಳ್ಳಿ ಮೊಳಕೆ ಬರುತ್ತೆ, ರಾಗಿ ಕೊಳೆಯದಿದ್ದರೂ ಅದರ ಹಿಂದೆ ಬಡ್ಡಿ ಓಡುತ್ತಿರುತ್ತೆ. ದುಡ್ಡಿದ್ದವನು ಕಾಯಬಲ್ಲ, ಮಾಲಿದ್ದವನು ಕಾಯಲಾರ. ಯಾರು ಕಾಯಬಲ್ಲರೋ ಬೆಲೆ ಅವರದು. ಮಂಡಿಯಲ್ಲಿ ಕೂಗುವ ಹರಾಜಿನ ಹಿಂದೆ ಇರುವ ಸತ್ಯ ಇಷ್ಟೇ.

ದುಡ್ಡು ಅಂದರೆ ಕೊನೆಗೆ ಒಂದು ಮಾತು. ನೋಟು ತೆಗೆದು ಓದಿ, ಇಷ್ಟು ರೂಪಾಯಿ ಕೊಡುತ್ತೇನೆ ಅಂತ ರಿಸರ್ವ್ ಬ್ಯಾಂಕಿನ ಗವರ್ನರು ರುಜು ಹಾಕಿದ್ದಾರೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಚಲಾವಣೆಯಲ್ಲಿದ್ದ ದುಡ್ಡಿನ ಮೌಲ್ಯದಲ್ಲಿ ನೂರಕ್ಕೆ 86ರಷ್ಟು ಅದೇ ನೋಟುಗಳಲ್ಲಿತ್ತು. ಹಿಂಗಾರಿನ ಬಿತ್ತನೆ ಸಮಯ. ಒಂದು ವಾರದೊಳಗೆ, ನಮ್ಮ ಹಳ್ಳಿಗಳ ಸೊಸೈಟಿಗಳಿಗೆ ಆಧಾರವಾದ ಜಿಲ್ಲಾ ಸಹಕಾರಿ ಬ್ಯಾಂಕುಗಳು ಆ ನೋಟು ಮುಟ್ಟಬಾರದು ಅಂತ ಆಜ್ಞೆ ಬಂತು. ಬೀಜ ಕೊಳ್ಳಲು ಹಳೇ 500ರ ನೋಟು ನಡೆಯುತ್ತೆ ಅಂತ ಸಡಿಲ ಮಾಡಿದ್ದು ಆಮೇಲೆ, ಅದೂ ಸರ್ಕಾರಿ ಬೀಜ ಕೇಂದ್ರಗಳಲ್ಲಿ ಮಾತ್ರ. ದುಡ್ಡಿನ ವಿಚಾರ ತೀರ್ಮಾನವಾಗುವ ಜಾಗದಲ್ಲಿ ರೈತನ ನೆನಪು ಎಷ್ಟು ತಡವಾಗಿ ಬರುತ್ತೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಏನು ಮಾಡಬೇಕು?

ಮೊದಲನೆಯದು, ಮನೆಗೊಂದು ಪುಸ್ತಕ ಇಡಿ. ಪ್ರತಿ ಸಾಲವನ್ನೂ ಎರಡು ಕಡೆ ಬರೆಯಿರಿ, ಒಂದು ಕಡೆ ರೂಪಾಯಿ, ಇನ್ನೊಂದು ಕಡೆ ಚೀಲ. ಮದುವೆಗೆ ಎರಡು ಲಕ್ಷ ಅಂದರೆ ಕೈ ಎತ್ತಿ ತಂದುಬಿಡುತ್ತೇವೆ. ಬಡ್ಡಿ ಬಿಟ್ಟೇ, 2025-26ರ ಬೆಂಬಲ ಬೆಲೆಯಲ್ಲೇ 80 ಚೀಲದ ಮೇಲಾಗುತ್ತೆ ಅಂತ ಬರೆದರೆ ಕೈ ನಡುಗುತ್ತೆ. ನಡುಗಲಿ. ಪುಸ್ತಕವನ್ನು ಮನೆಯ ಹೆಣ್ಣುಮಕ್ಕಳ ಎದುರಿಗೇ ಬರೆಯಿರಿ, ಬಡ್ಡಿಯ ಬಿಸಿ ಒಲೆಯ ಮುಂದೆ ಮೊದಲು ತಟ್ಟುವುದು ಅವರಿಗೆ.

ಎರಡನೆಯದು, ಕಾಯುವ ಶಕ್ತಿಯನ್ನು ಒಟ್ಟಾಗಿ ಗಳಿಸಬೇಕು. 2007ರ ಉಗ್ರಾಣ ಕಾಯಿದೆಯ ಪ್ರಕಾರ ನೋಂದಾಯಿತ ಉಗ್ರಾಣದಲ್ಲಿ ಮಾಲಿಟ್ಟು ರಶೀದಿಯ ಮೇಲೆ ಬ್ಯಾಂಕಿನಲ್ಲಿ ಸಾಲ ಪಡೆಯಬಹುದು. ಒಬ್ಬನ ಹತ್ತು ಚೀಲಕ್ಕೆ ಇದು ದೂರದ ಮಾತು, ಊರಿನ ಸಾವಿರ ಚೀಲಕ್ಕೆ ಹತ್ತಿರದ ಮಾತು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದಾಗ ಊರಿನವರ ಕೈಲಿದ್ದದ್ದು ದೊಡ್ಡ ಗಂಟೇನಲ್ಲ, ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಧೈರ್ಯ. ನಮ್ಮ ಸೊಸೈಟಿಗಳು ರಾಜಕೀಯದವರ ಜಗಲಿಯಾಗಿವೆ ಅಂತ ದೂರುತ್ತೇವೆ. ಸರ್ವಸದಸ್ಯರ ಸಭೆಗೆ ನಮ್ಮಲ್ಲಿ ಎಷ್ಟು ಜನ ಹೋಗುತ್ತೇವೆ?

ಮೂರನೆಯದು, ನಮ್ಮ ಬೇಡಿಕೆ. ಈಗಿನ ಬೆಂಬಲ ಬೆಲೆ ಕಟ್ಟುವುದು ಕೈಯಿಂದ ಹಾಕಿದ ಖರ್ಚು ಮತ್ತು ಮನೆಯವರ ದುಡಿಮೆಯ ಒಂದೂವರೆಪಟ್ಟು ಲೆಕ್ಕದಲ್ಲಿ. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಆ ಲೆಕ್ಕದೊಳಗಿಲ್ಲ. ಸಾಹುಕಾರನ ನೂರು ರೂಪಾಯಿಗೆ ಬಡ್ಡಿ ಉಂಟು, ಬ್ಯಾಂಕಿನ ನೂರಕ್ಕೂ ಉಂಟು, ನಾನು ಮಣ್ಣಿಗೆ ಹಾಕಿದ ನೂರಕ್ಕೆ ಯಾಕಿಲ್ಲ? ಅದನ್ನೂ ಸೇರಿಸಿ ಬೆಲೆ ಕಟ್ಟಬೇಕು, ಕೊಯ್ಲಿನ ದಿನವೇ ಖರೀದಿ ಕೇಂದ್ರ ತೆರೆಯಬೇಕು. ಕೊಯ್ಲಾಗಿ ಎರಡು ತಿಂಗಳಿಗೆ ತೆರೆದ ಕೇಂದ್ರ, ಮಾಲು ಆಗಲೇ ಕೊಂಡಿಟ್ಟವನ ಕೇಂದ್ರ.

ಭಿಕ್ಷೆಯಲ್ಲ, ಮನ್ನಾದ ಹಂಬಲವೂ ಅಲ್ಲ. ನಾವು ಕೊಡುವ ರಾಗಿಯ ಕೊಳಗ ತುಂಬಿದೆ, ನಮಗೆ ಅಳೆದು ಕೊಡುವ ದುಡ್ಡಿನ ಕೊಳಗವೂ ತುಂಬಿರಲಿ ಅಂತ ಕೇಳುತ್ತಿದ್ದೇವೆ. ಇವತ್ತು ರಾತ್ರಿ ಮನೆಗೆ ಹೋದವರು ಆ ಪುಸ್ತಕದ ಮೊದಲ ಸಾಲನ್ನು ಬರೆಯಿರಿ.